ಸಂಗೊಳ್ಳಿಯ ಶೇತಸನದಿ: ರಾಯಣ್ಣನ ಬಾಳು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ನಂದಗಡದಲ್ಲಿ ಒಂದು ಸಮಾಧಿಯಿದೆ. ಅದರ ಮೇಲೆ ಹಬ್ಬಿದ ಒಂದು ಆಲದ ಮರವಿದೆ. ಮಕ್ಕಳ ಭಾಗ್ಯ ಬೇಡುವ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಆ ಹರಕೆಯ ತಿರುಳು. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಆ ಸೀಮೆಯಲ್ಲಿ ಹೀಗೆ ಪೂಜೆಗೊಳ್ಳುತ್ತಿರುವವನು 1831ರ ಜನೆವರಿ 26ರಂದು ಸರಕಾರ ಗಲ್ಲಿಗೇರಿಸಿದ ಅಪರಾಧಿ. ಅದಕ್ಕೂ ಕೆಲವೇ ವರ್ಷಗಳ ಹಿಂದೆ ಅವನು ಊರಿನ ಶಾಂತಿ ಕಾಯುವ ಹೊಣೆ ಹೊತ್ತಿದ್ದ ಸೇವಕ.

ರಾಯಣ್ಣನ ಹೆಸರಿನ ಹಿಂದೆ ವೀರ, ಶೂರ, ಕ್ರಾಂತಿವೀರ ಎಂಬ ವಿಶೇಷಣಗಳು ಕಾಲಕ್ರಮದಲ್ಲಿ ಕೂಡಿಕೊಂಡಿವೆ. ಅವೆಲ್ಲಕ್ಕಿಂತ ಮೊದಲೇ ಅವನಿಗೆ ಸಂದಿದ್ದ ಹೆಸರು ಶೇತಸನದಿ. ಈ ಪದವನ್ನು ಬಿಡಿಸಿ ನೋಡಿದರೆ ಅವನ ಬಾಳಿನ ಅರ್ಧ ಕಥೆ ಅದರಲ್ಲೇ ಇದೆ. ಮರಾಠಿಯಲ್ಲಿ ಶೇತ ಎಂದರೆ ಹೊಲ. ಸನದು ಎಂದರೆ ಅರಸನ ಮುದ್ರೆಯುಳ್ಳ ಹಕ್ಕುಪತ್ರ. ಹೊಲದ ಸನದು ಪಡೆದು, ಅದಕ್ಕೆ ಪ್ರತಿಯಾಗಿ ಊರನ್ನೂ ಕೋಟೆಯನ್ನೂ ಕಾಯುವವನು ಶೇತಸನದಿ. ಸರಕಾರ ಹೊಲ ಕೊಡುತ್ತದೆ, ಅವನು ಕಾವಲು ಕೊಡುತ್ತಾನೆ. ಎರಡು ಕಡೆಯವರ ನಡುವಿನ ಈ ಕರಾರು ಮುರಿದಾಗ ಏನಾಗುತ್ತದೆ ಎಂಬುದಕ್ಕೆ ರಾಯಣ್ಣನ ಬಾಳು ಉತ್ತರವಾಗಿ ನಿಂತಿದೆ.

ಊರ ಕಾವಲಿನ ಕರಾರು

ಪೊಲೀಸ್ ಎಂಬ ಪದ ನಮ್ಮ ಹಳ್ಳಿಗಳಿಗೆ ಬರುವುದಕ್ಕಿಂತ ಬಹಳ ಹಿಂದೆಯೇ ಹಳ್ಳಿಗಳಿಗೆ ತಮ್ಮದೇ ಆದ ಕಾವಲು ಇತ್ತು. ಊರ ಮುಖ್ಯಸ್ಥ ಗೌಡ, ಮರಾಠಿಯಲ್ಲಿ ಪಾಟೀಲ. ಲೆಕ್ಕಪತ್ರಕ್ಕೆ ಕುಲಕರ್ಣಿ. ಕಾವಲಿಗೆ ತಳವಾರ, ಓಡಾಟಕ್ಕೂ ವಸೂಲಿಯ ಸಹಾಯಕ್ಕೂ ವಾಲೀಕಾರ. ಇವರೊಂದಿಗೆ ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ ಮೊದಲಾದ ಆಯಗಾರರು. ಸುಗ್ಗಿಯಲ್ಲಿ ಕಣದಿಂದ ಅವರವರ ಪಾಲಿನ ಆಯ ಅವರವರಿಗೆ ಸಲ್ಲುತ್ತಿತ್ತು. ಇದನ್ನೇ ಗಡಿಯ ಆಚೆ ಬಲುತೆ ಎಂದು ಕರೆದರು. ಕಾವಲಿನವರಿಗೆ ಆಯದ ಜೊತೆಗೆ ಮಾನ್ಯದ ಹೊಲವೂ ಇರುತ್ತಿತ್ತು. ಅದಕ್ಕೆ ಕರವಿಲ್ಲ, ಇದ್ದರೆ ಜುಡಿ ಎಂಬ ಹೆಸರಿನ ಅಲ್ಪ ಕಾಣಿಕೆ ಮಾತ್ರ.

ಈ ವ್ಯವಸ್ಥೆಯಲ್ಲಿ ಹೊಣೆಗಾರಿಕೆ ಕಟ್ಟುನಿಟ್ಟಾಗಿತ್ತು. ಊರಲ್ಲಿ ಕಳವಾದರೆ ಕಾವಲುಗಾರ ಕಳ್ಳನ ಹೆಜ್ಜೆಯನ್ನು ಹಿಡಿದು ಸೀಮೆಯ ಕಲ್ಲಿನವರೆಗೆ ಹೋಗಬೇಕು. ಹೆಜ್ಜೆ ಮುಂದಿನ ಊರಿನ ಸೀಮೆಗೆ ದಾಟಿದೆ ಎಂದು ತೋರಿಸಿಕೊಟ್ಟರೆ ಹೊಣೆ ಆ ಊರಿಗೆ ವರ್ಗವಾಗುತ್ತಿತ್ತು. ತೋರಿಸಲಾಗದಿದ್ದರೆ ಕಳೆದುಹೋದದ್ದಕ್ಕೆ ಕಾವಲುಗಾರನೂ ಊರೂ ಉತ್ತರ ಹೇಳಬೇಕು. ಪೇಶ್ವೆಯಿಂದ ಗೆದ್ದ ಸೀಮೆಗಳ ಬಗ್ಗೆ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಈ ಪದ್ಧತಿಯ ವಿವರವಿದೆ. ಇದು ದೋಷವಿಲ್ಲದ ವ್ಯವಸ್ಥೆಯೆಂದು ಹೇಳಲಾಗದು. ಬಲ್ಲಿದ ಗೌಡನ ಕೈಯಲ್ಲಿ ಅದು ಬಡವನನ್ನು ಹಿಂಡುವ ಸಾಧನವೂ ಆಗುತ್ತಿತ್ತು. ಜಾತಿಯ ಕಟ್ಟು ಅದರ ಅಡಿಗಲ್ಲಾಗಿತ್ತು. ಆದರೆ ಕಾಯುವವನ ಹೊಣೆಯೂ ಕಾಯುವವನ ಹೊಟ್ಟೆಯೂ ಅಲ್ಲಿ ಒಂದೇ ಗಂಟಿನಲ್ಲಿ ಕಟ್ಟಿದ್ದವು. ಹೊಣೆ ಕೇಳುವವರು ಹೊಲ ಕೊಡುತ್ತಿದ್ದರು. ಹೊಲ ಉಣ್ಣುವವನು ಹೊಣೆ ಹೊರುತ್ತಿದ್ದನು.

ಮಲಪ್ರಭೆಯ ದಡದ ಸಂಗೊಳ್ಳಿಯಲ್ಲಿ, ಹಾಲುಮತದ ಭರಮಪ್ಪ ಮತ್ತು ಕೆಂಚವ್ವ ದಂಪತಿಗಳ ಮಗನಾಗಿ ರಾಯಣ್ಣ ಹುಟ್ಟಿದ್ದು ಇಂಥ ಕಾವಲಿನ ಮನೆತನದಲ್ಲಿ. ಅವನ ಜನ್ಮದಿನವನ್ನು 1798ರ ಆಗಸ್ಟ್ 15 ಎಂದು ನಾಡು ಇಂದು ಆಚರಿಸುತ್ತದೆ. ಸಂಗೊಳ್ಳಿ ಆಗ ಸಂಪಗಾವಿ ಸೀಮೆಯ ಊರು; ಕಿತ್ತೂರು ದೇಸಗತಿಯ ಆಳ್ವಿಕೆಗೆ ಸೇರಿದ್ದು. ರಾಯಣ್ಣನ ಮನೆತನ ಉಣ್ಣುತ್ತಿದ್ದ ಹೊಲವನ್ನು ಜನ ಇಂದಿಗೂ ರಕ್ತಮಾನ್ಯದ ಭೂಮಿಯೆಂದು ನೆನೆಯುತ್ತಾರೆ. ಹಿರಿಯರು ಕಾಳಗದಲ್ಲಿ ಸುರಿಸಿದ ನೆತ್ತರಿಗಾಗಿ ಅರಸು ಬಿಟ್ಟುಕೊಟ್ಟ ಹೊಲ ರಕ್ತಮಾನ್ಯ. ಆ ಹೊಲದ ಜೊತೆಯಲ್ಲೇ ಮನೆತನದ ಮಾನವೂ ಇತ್ತು.

ಕಿತ್ತೂರಿನ ಅಳಿವು

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜ ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ವಹಿಸಿ ತನ್ನ ಸಂಸ್ಥಾನವನ್ನು ಉಳಿಸಿಕೊಂಡಿದ್ದನು. 1824ರ ಸೆಪ್ಟೆಂಬರದಲ್ಲಿ ಅವನು ಸಂತಾನವಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆ ಒಪ್ಪಲಿಲ್ಲ. ಅರಮನೆಯ ಭಂಡಾರಕ್ಕೆ ಮುದ್ರೆ ಬಿದ್ದಿತು. ಮಲ್ಲಸರ್ಜನ ರಾಣಿ ಚೆನ್ನಮ್ಮ ಎದುರು ನಿಂತಳು. ಅಕ್ಟೋಬರ 23ರಂದು ಕೋಟೆಯ ಬಾಗಿಲಿನಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರದ ಮೊದಲ ವಾರದಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು.

ಈ ಕಾಳಗದಲ್ಲಿ ಕಿತ್ತೂರಿನ ಪರವಾಗಿ ಹೋರಾಡಿದವರಲ್ಲಿ ರಾಯಣ್ಣನೂ ಇದ್ದನು. ಸೆರೆಸಿಕ್ಕ ಅವನು ಉಳಿದವರೊಂದಿಗೆ ಕ್ಷಮೆ ಪಡೆದು ಊರಿಗೆ ಮರಳಿದನು. ಗೆದ್ದವನ ಕ್ಷಮೆಗೆ ಸಾಮಾನ್ಯವಾಗಿ ಒಂದು ಬೆಲೆಯಿರುತ್ತದೆ. ಕಿತ್ತೂರಿನ ಸೀಮೆ ಧಾರವಾಡದ ಕಲೆಕ್ಟರನ ಕೈಕೆಳಗೆ ಬಂದಿತು. ಹಳೆಯ ಸನದುಗಳನ್ನು ಹೊಸ ಕಣ್ಣುಗಳು ಪರಿಶೀಲಿಸತೊಡಗಿದವು. ದೇಸಾಯಿಯೇ ಇಲ್ಲವಾದ ಮೇಲೆ ದೇಸಾಯಿಯ ಚಾಕರಿಗೆಂದು ಬಿಟ್ಟ ಹೊಲಕ್ಕೆ ಕರ ಏಕಿಲ್ಲ ಎಂಬ ಪ್ರಶ್ನೆ ಎದ್ದಿತು. ಕಂದಾಯವನ್ನೇ ಆಳ್ವಿಕೆಯ ಉಸಿರಾಗಿ ಮಾಡಿಕೊಂಡಿದ್ದ ಕಂಪನಿಗೆ ಆ ಪ್ರಶ್ನೆ ಸಹಜ. ಹೊಲವನ್ನೇ ಸಂಬಳವೆಂದು ತಿಳಿದಿದ್ದ ಸನದಿಗೆ ಅದು ಅನ್ನದ ಪ್ರಶ್ನೆ.

ಕಂಪನಿ ಸರಕಾರ ಹಳ್ಳಿಯ ಕಾವಲನ್ನು ಕೈಬಿಟ್ಟಿರಲಿಲ್ಲ. ಮುಂಬೈ ಸರಕಾರದ 1827ರ 12ನೆಯ ರೆಗ್ಯುಲೇಶನ್ ಪೊಲೀಸ್ ವ್ಯವಸ್ಥೆಯನ್ನು ಗೊತ್ತುಪಡಿಸಿ, ಹಳ್ಳಿಯ ಮಟ್ಟದಲ್ಲಿ ಪಾಟೀಲನ ಮೇಲೆ ಹೊಣೆ ಹೊರಿಸಿತ್ತು. ಅಪರಾಧ ನಡೆದರೆ ವರದಿ ಕೊಡಬೇಕು, ಅಪರಾಧಿಯನ್ನು ಹಿಡಿದು ಒಪ್ಪಿಸಬೇಕು. ಕೆಲಸ ಹಳೆಯದೇ, ಆದರೆ ಕೇಳುವವನು ಹೊಸಬ. ಅವನು ದೂರದ ಕಚೇರಿಯಲ್ಲಿ ಕುಳಿತವನು, ಬೇರೆ ಭಾಷೆಯವನು. ಅಮಲದಾರನ ಮೂಲಕವೂ ಕುಲಕರ್ಣಿಯ ಲೇಖಣಿಯ ಮೂಲಕವೂ ಹಳ್ಳಿಯನ್ನು ಕಾಣುವವನು. ಕಾವಲುಗಾರನಿಂದ ಲೆಕ್ಕ ಕೇಳುವ ದಾರಿ ಮೇಲಿನಿಂದ ಕೆಳಕ್ಕೆ ಗಟ್ಟಿಯಾಯಿತು. ಕಾವಲುಗಾರನು ತನ್ನ ಅಳಲನ್ನು ಮೇಲಕ್ಕೆ ಮುಟ್ಟಿಸುವ ದಾರಿ ಮುಚ್ಚಿಹೋಯಿತು.

ಹೊಲವೂ ಮಾನವೂ

ರಾಯಣ್ಣನ ಮಾನ್ಯದ ಹೊಲದಲ್ಲಿ ಒಂದು ಭಾಗವನ್ನು ಸರಕಾರ ಜಪ್ತು ಮಾಡಿತು. ಉಳಿದುದರ ಮೇಲೆ ಭಾರಿ ಕರ ಹೇರಿತು. ತಲೆಮಾರುಗಳ ಸೇವೆಯ ಫಲ ಒಂದು ದಫ್ತರದ ಸಾಲಿನಲ್ಲಿ ಕರಗಿತು. ಕರದ ಬಾಕಿಗಾಗಿ ಊರ ಕುಲಕರ್ಣಿ ಮನೆಯ ಬಾಗಿಲಿಗೆ ಬಂದನೆಂದೂ, ಮಗನಿಲ್ಲದ ಹೊತ್ತಿನಲ್ಲಿ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿ ಅವಮಾನಿಸಿದನೆಂದೂ ಲಾವಣಿ ಮತ್ತು ಗೀಗೀ ಪದಗಳ ಪರಂಪರೆ ಹೇಳುತ್ತದೆ. ಜನಪದ ಕವಿಗಳು ಈ ಪ್ರಸಂಗದಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದಕ್ಕೆ ಕಾರಣವಿದೆ. ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸಿ ಕಲ್ಲು ಹೇರುವುದು ಕಂದಾಯ ವಸೂಲಿಗಾಗಿ ರೈತರ ಮೇಲೆ ನಡೆಯುತ್ತಿದ್ದ ಶಿಕ್ಷೆ. ಇತರರಿಂದ ಬಾಕಿ ವಸೂಲು ಮಾಡಲು ಕುಲಕರ್ಣಿಗೆ ನೆರವಾಗುತ್ತಿದ್ದವರು ವಾಲೀಕಾರರೇ. ನಿನ್ನೆಯವರೆಗೆ ಸರಕಾರದ ಕೈಯಾಗಿದ್ದ ಮನೆಯ ಮೇಲೆ ಇಂದು ಆ ಕೈಯೇ ಎದ್ದಿತ್ತು. ಕಾವಲುಗಾರನ ತಾಯಿಗೇ ಕಾವಲಿಲ್ಲವೆಂಬ ಅರಿವು ರಾಯಣ್ಣನನ್ನು ಬೇರೆ ದಾರಿಗೆ ನೂಕಿತು ಎಂಬುದು ಜನಪದರ ತೀರ್ಮಾನ.

ಒಬ್ಬನ ಮನೆಯ ನೋವೇ ಒಂದು ದಂಗೆಯಾಗಿ ಬೆಳೆಯುವುದಿಲ್ಲ. ಕಿತ್ತೂರಿನ ಸೀಮೆಯಲ್ಲಿ ಇಂಥ ಮನೆಗಳು ಅನೇಕ ಇದ್ದವು. ದೇಸಗತಿ ಅಳಿದ ಮೇಲೆ ಅದರ ಸಿಪಾಯಿಗಳು, ಕೋಟೆಯ ಕಾವಲಿನವರು, ಸನದಿಗಳು ಏಕಕಾಲಕ್ಕೆ ಕೆಲಸವನ್ನೂ ಹೊಲದ ಭದ್ರತೆಯನ್ನೂ ಕಳೆದುಕೊಂಡಿದ್ದರು. ಅವರಿಗೆ ಆಯುಧ ಹಿಡಿಯುವುದು ಗೊತ್ತಿತ್ತು, ಸೀಮೆಯ ಕಾಡುದಾರಿಗಳು ಗೊತ್ತಿದ್ದವು, ಯಾವ ಕಚೇರಿಯಲ್ಲಿ ಯಾವ ಕಾಗದವಿದೆಯೆಂಬುದೂ ಗೊತ್ತಿತ್ತು. ಸರಕಾರ ತಾನು ಅತೃಪ್ತಗೊಳಿಸಿದವರು ಎಂಥವರೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ ಕಣ್ಣುಮುಚ್ಚಿದಳು. ಆ ವರ್ಷದ ಕೊನೆಯ ಹೊತ್ತಿಗೆ ಸಂಗೊಳ್ಳಿಯ ಸುತ್ತಮುತ್ತ ಜನ ಒಟ್ಟಾಗತೊಡಗಿದರು.

ಬೀಡಿಯ ಬೆಂಕಿ

ರಾಯಣ್ಣನ ಜೊತೆಗೆ ನಿಂತವರಲ್ಲಿ ಬಿಚ್ಚುಗತ್ತಿ ಚೆನ್ನಬಸಪ್ಪ, ಸಿದ್ದಿ ಸಮುದಾಯದ ಗಜವೀರ, ಬಾಳಾನಾಯಕ ಮುಂತಾದವರ ಹೆಸರು ಜನಮನದಲ್ಲಿ ಉಳಿದಿದೆ. ಹಾಲುಮತದವರು, ಬೇಡರು, ಸಿದ್ದಿಗಳು, ಲಿಂಗಾಯತರು, ಮುಸಲ್ಮಾನರು ಹೀಗೆ ಹಲವು ಸಮುದಾಯಗಳವರು ಆ ಪಡೆಯಲ್ಲಿದ್ದರು. ಕಿತ್ತೂರಿನ ದತ್ತುಪುತ್ರನನ್ನು ಗದ್ದುಗೆಗೆ ಮರಳಿಸುವುದು ಅವರ ಘೋಷಿತ ಗುರಿ. ಹಂಡಿಬಡಗನಾಥದ ಕಾಡುಗುಡ್ಡಗಳು ಅವರ ನೆಲೆ.

1830ರ ಜನೆವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿದ್ದಿತು. ಮುಂದೆ ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ದಾಳಿಗಳು ನಡೆದವು. ಪಡೆ ಎಲ್ಲಿಗೆ ಹೋದರೂ ಎರಡು ವಸ್ತುಗಳನ್ನು ಗುರಿಯಿಟ್ಟಿತು: ಖಜಾನೆ ಮತ್ತು ದಫ್ತರ. ಖಜಾನೆಯ ಹಣ ಪಡೆಯ ಊಟಕ್ಕೂ ಬಡವರಿಗೂ ಹೋಯಿತು. ದಫ್ತರ ಬೆಂಕಿಗೆ ಹೋಯಿತು. ಕಾಗದವನ್ನು ಸುಡುವುದು ಅಕ್ಷರದ ಮೇಲಿನ ದ್ವೇಷವೆಂದು ತೋರಬಹುದು. ಆದರೆ ಸನದನ್ನು ಕಳೆದುಕೊಂಡವನಿಗೆ ಆ ಕಟ್ಟುಗಳಲ್ಲಿ ಇದ್ದದ್ದು ತನ್ನ ಹೊಲದ ಹರಣದ ದಾಖಲೆ. ಬಾಕಿಯ ಪಟ್ಟಿ ಸುಟ್ಟರೆ ಬಾಕಿಯೇ ಇಲ್ಲವಾಗುತ್ತದೆಂಬ ರೈತನ ಆಸೆ ಆ ಉರಿಯಲ್ಲಿತ್ತು. ಇದೇ ಆಸೆಯಿಂದ 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟದ್ದನ್ನು ಮಹಾರಾಷ್ಟ್ರದ ಇತಿಹಾಸ ಬಲ್ಲವರು ನೆನೆಯಬಹುದು.

ಈ ಹೋರಾಟದ ಇನ್ನೊಂದು ಮುಖವನ್ನೂ ಮರೆಮಾಡಬಾರದು. ಕಚೇರಿಗಳನ್ನು ಕಾಯುತ್ತಿದ್ದವರು, ರಾಯಣ್ಣನ ಬೆನ್ನಟ್ಟಿ ಕಾಡಿಗೆ ಹೊಕ್ಕವರು ಬರಿಯ ಇಂಗ್ಲಿಷರಲ್ಲ. ಅವರಲ್ಲಿ ಅವನಂತೆಯೇ ಊರ ಕಾವಲಿನವರೂ, ಸಣ್ಣ ಸಂಬಳದ ಸಿಪಾಯಿಗಳೂ ಇದ್ದರು. ಅವರ ಮನೆಗಳಲ್ಲಿಯೂ ಕೆಂಚವ್ವನಂಥ ತಾಯಂದಿರಿದ್ದರು. ಸರಕಾರಕ್ಕೂ ಪ್ರಜೆಗೂ ನಡುವೆ ಬಿರುಕು ಬಿಟ್ಟಾಗ ಆ ಬಿರುಕಿನಲ್ಲಿ ಮೊದಲು ಬೀಳುವವರು ಈ ಕೆಳಹಂತದ ಸೇವಕರೇ. ರಾಯಣ್ಣನ ಕಥೆಯಲ್ಲಿ ಹೆಸರಿಲ್ಲದೆ ಮಡಿದ ಅವರ ಲೆಕ್ಕವನ್ನು ಯಾವ ಲಾವಣಿಯೂ ಇಡಲಿಲ್ಲ, ಸರಕಾರವೂ ಪ್ರೀತಿಯಿಂದ ನೆನೆಯಲಿಲ್ಲ.

ಹಳ್ಳದ ದಡದಲ್ಲಿ

ಸೈನ್ಯದಿಂದ ಸಾಧ್ಯವಾಗದ್ದನ್ನು ಸರಕಾರ ಬೇರೆ ಉಪಾಯದಿಂದ ಸಾಧಿಸಿತು. ಬಯಲಲ್ಲಿ ನಿಂತು ಕಾದುವ ಶತ್ರುವನ್ನು ಎದುರಿಸಲು ಕಂಪನಿಗೆ ಬರುತ್ತಿತ್ತು. ಊರೂರಿನ ಅನ್ನ ಉಂಡು, ರಾತ್ರಿ ಕಾಡಿನಲ್ಲಿ ಕರಗಿಹೋಗುವವನನ್ನು ಹಿಡಿಯಲು ಊರಿನವರೇ ಬೇಕಾಗಿತ್ತು. ಅಮಲದಾರ ಕೃಷ್ಣರಾಯನ ಸಂಧಾನದಿಂದ ಖೋದಾನಪುರದ ಲಿಂಗನಗೌಡ ಮತ್ತು ನೇಗಿನಹಾಳದ ವೆಂಕನಗೌಡ ಈ ಕೆಲಸಕ್ಕೆ ಒಪ್ಪಿದರು. ಅವರ ಕಡೆಯವರು ಪಡೆಗೆ ಸೇರಿದವರಂತೆ ನಟಿಸಿ ರಾಯಣ್ಣನ ನಂಬಿಕೆ ಗಳಿಸಿದರು.

1830ರ ಏಪ್ರಿಲ್ ತಿಂಗಳು. ಡೋರಿ ಬೆಣಚಿಯ ಹಳ್ಳದಲ್ಲಿ ಮೀಯಲು ಇಳಿದ ರಾಯಣ್ಣ ತನ್ನ ಖಡ್ಗವನ್ನು ದಡದಲ್ಲಿದ್ದವನ ಕೈಗೆ ಕೊಟ್ಟಿದ್ದನು. ಆ ಕೈ ಸೋದರಮಾವನದೇ ಆಗಿತ್ತೆಂದು ಹಾಡುಗಳು ಹೇಳುತ್ತವೆ. ನೀರಿನಲ್ಲಿ ನಿಂತವನು ಖಡ್ಗ ಕೇಳಿದಾಗ ಅದು ಮರಳಿ ಬರಲಿಲ್ಲ. ಸುತ್ತ ಕಾದಿದ್ದವರು ಮುಗಿಬಿದ್ದು ಅವನನ್ನು ಕಟ್ಟಿದರು. ತಿಂಗಳುಗಟ್ಟಲೆ ಸೀಮೆಯನ್ನೆಲ್ಲ ನಡುಗಿಸಿದವನು ಒಂದು ಹೊರಜಿ ಹಗ್ಗದಲ್ಲಿ ಬಂಧಿಯಾದನು.

ಹಿಡಿದುಕೊಟ್ಟವರಿಗೆ ಸರಕಾರ ಇನಾಮು ಕೊಟ್ಟಿತು. ಇಲ್ಲಿಯೇ ಈ ಬಾಳಿನ ದೊಡ್ಡ ವ್ಯಂಗ್ಯವಿದೆ. ಸೇವೆಗೆ ಪ್ರತಿಯಾಗಿ ಹೊಲ ಬಿಡುವ ಹಳೆಯ ಪದ್ಧತಿ ದುಂದುವೆಚ್ಚವೆಂದು ರಾಯಣ್ಣನ ಮಾನ್ಯವನ್ನು ಕಿತ್ತುಕೊಂಡ ಸರಕಾರವೇ, ರಾಯಣ್ಣನನ್ನು ಹಿಡಿದುಕೊಟ್ಟ ಸೇವೆಗೆ ಇನಾಮು ಬಿಟ್ಟುಕೊಟ್ಟಿತು. ನಿತ್ಯದ ಕಾವಲಿಗೆ ಕೊಡಲು ಇಲ್ಲದ್ದು ಒಂದು ದಿನದ ದ್ರೋಹಕ್ಕೆ ದೊರೆಯಿತು. ಕಾಯುವವನ ಬದುಕಿಗೆ ವೆಚ್ಚ ಮಾಡದ ಸರಕಾರ ಕೊನೆಗೆ ಬೇಹಿಗೂ ಬಹುಮಾನಕ್ಕೂ ಅದಕ್ಕಿಂತ ಹೆಚ್ಚು ವೆಚ್ಚ ಮಾಡಬೇಕಾಗುತ್ತದೆ ಎಂಬುದಕ್ಕೆ ಇದೊಂದು ಹಳೆಯ ಸಾಕ್ಷಿ.

ವಿಚಾರಣೆಯ ನಂತರ ಮರಣದಂಡನೆಯ ತೀರ್ಪು ಬಂದಿತು. 1831ರ ಜನೆವರಿ 26ರಂದು ರಾಯಣ್ಣನನ್ನೂ ಅವನ ಕೆಲವು ಸಂಗಡಿಗರನ್ನೂ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಉಳಿದವರಿಗೆ ದೀರ್ಘ ಸೆರೆವಾಸ. ಅವನು ದಾಳಿಯಿಟ್ಟ ಊರಿನಲ್ಲಿಯೇ ಗಲ್ಲುಮರ ನೆಡಲಾಯಿತು. ನೋಡುವವರ ಎದೆಯಲ್ಲಿ ಭಯ ಬಿತ್ತುವುದು ಅಂಥ ಶಿಕ್ಷೆಯ ಉದ್ದೇಶ. ಆದರೆ ಸಮಾಧಿಯ ಮೇಲೆ ಗೆಳೆಯನೊಬ್ಬ ಆಲದ ಸಸಿ ನೆಟ್ಟನೆಂದು ಪ್ರತೀತಿ. ಭಯ ಬಿತ್ತಿದ ನೆಲದಲ್ಲಿ ಭಕ್ತಿ ಬೆಳೆಯಿತು.

ಉತ್ತರ ದೊರೆಯದ ಪ್ರಶ್ನೆ

ರಾಯಣ್ಣನ ಸಾವಿನಿಂದ ಸರಕಾರ ಪಾಠ ಕಲಿತಿದ್ದರೆ ಈ ಸೀಮೆಯ ಮುಂದಿನ ಇತಿಹಾಸ ಬೇರೆಯಾಗಿರುತ್ತಿತ್ತು. 1836ರಲ್ಲಿ ಬೆಳಗಾವಿಯನ್ನು ಧಾರವಾಡದಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆ ಮಾಡಲಾಯಿತು; ಆಡಳಿತ ಹತ್ತಿರ ಬಂದಿತು. ಆದರೆ 1852ರ ಇನಾಮು ಕಮಿಶನ್ ಮತ್ತೆ ಹಳೆಯ ಸನದುಗಳನ್ನು ಕೆದಕಿತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಮಡಿದರು. ಕಾವಲು ಬೇಟೆಗಳನ್ನು ನಂಬಿ ಬದುಕಿದವರಿಗೆ ಆಯುಧ ಉಪಕರಣವೂ ಹೌದು, ಮಾನವೂ ಹೌದು. 1858ರಲ್ಲಿ ದತ್ತಕದ ಹಕ್ಕು ಕಳೆದುಕೊಂಡ ನರಗುಂದದ ಬಾಬಾಸಾಹೇಬ ಎದ್ದನು. ಹೊಲ, ಆಯುಧ, ಗದ್ದುಗೆ ಹೀಗೆ ಕಾರಣಗಳ ಹೆಸರು ಬದಲಾದರೂ, ಕೊಟ್ಟ ಮಾತನ್ನು ಸರಕಾರ ಏಕಪಕ್ಷೀಯವಾಗಿ ಮುರಿಯಿತು ಎಂಬ ದೂರು ಒಂದೇ ಆಗಿತ್ತು.

ದೂರದ ಆಡಳಿತಕ್ಕೂ ನಿಧಾನವಾಗಿ ಅರಿವಾಯಿತು. 1861ರ ಪೊಲೀಸ್ ಕಾಯಿದೆ ಬ್ರಿಟಿಷ್ ಭಾರತದ ಹಲವು ಪ್ರಾಂತಗಳಿಗೆ ಸಮವಸ್ತ್ರದ ಪೊಲೀಸ್ ದಳವನ್ನು ತಂದಿತು. ಮುಂಬೈ ಪ್ರಾಂತದಲ್ಲಿ 1867ರ ಗ್ರಾಮ ಪೊಲೀಸ್ ಕಾಯಿದೆ ಪಾಟೀಲನನ್ನು ಹಳ್ಳಿಯ ಪೊಲೀಸ್ ಮುಖ್ಯಸ್ಥನೆಂದೂ ಕಾವಲುಗಾರರನ್ನು ಅವನ ಕೈಕೆಳಗಿನವರೆಂದೂ ಗೊತ್ತುಪಡಿಸಿತು. 1902ರಲ್ಲಿ ಸರ್ ಆಂಡ್ರ್ಯೂ ಫ್ರೇಜರನ ಅಧ್ಯಕ್ಷತೆಯಲ್ಲಿ ನೇಮಕವಾದ ಪೊಲೀಸ್ ಕಮಿಶನ್ ದೇಶವನ್ನೆಲ್ಲ ಸುತ್ತಿ, ಪೊಲೀಸ್ ದಳ ಅದಕ್ಷವೂ ಭ್ರಷ್ಟವೂ ಜನರಿಗೆ ಭಯಕಾರಿಯೂ ಆಗಿದೆಯೆಂದು ಬರೆಯಿತು. ಅದರ ಜೊತೆಗೇ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ ಕನಿಷ್ಠ 8 ರೂಪಾಯಿ ಸಂಬಳವಾದರೂ ಇರಬೇಕೆಂದು ಸೂಚಿಸಿತು. ಹಳ್ಳಿಯ ಮುಖ್ಯಸ್ಥನನ್ನೂ ಊರ ಕಾವಲುಗಾರನನ್ನೂ ಕಡೆಗಣಿಸಿ ಯಾವ ಪೊಲೀಸ್ ವ್ಯವಸ್ಥೆಯೂ ನಿಲ್ಲಲಾರದೆಂದು ಒತ್ತಿ ಹೇಳಿತು. ದೋಷವನ್ನೂ ಸಂಬಳವನ್ನೂ ಒಂದೇ ವರದಿಯಲ್ಲಿ ಇಟ್ಟು ನೋಡಿದ್ದು ಆ ಕಮಿಶನ್ನಿನ ಗುಣ. ಹೊಟ್ಟೆ ತುಂಬದ ಸಿಪಾಯಿಯಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಸುಲಭ, ಪಡೆಯುವುದು ಕಷ್ಟ. ಹೊಟ್ಟೆ ತುಂಬಿದ ಮಾತ್ರಕ್ಕೆ ಪ್ರಾಮಾಣಿಕತೆ ತಾನಾಗಿ ಬರುವುದೂ ಇಲ್ಲ. ಅದಕ್ಕೆ ಲೆಕ್ಕ ಕೇಳುವವರು ಬೇಕು.

ಜತ್ತ ಸೀಮೆಯವರಿಗೆ ಈ ಕಥೆ ಪರಕೀಯವಲ್ಲ. ರಾಯಣ್ಣ ಮಡಿದು ತೊಂಬತ್ತು ವರ್ಷಗಳ ಮೇಲೆ, ಜತ್ತ ಸಂಸ್ಥಾನದ ಸಿಂಧೂರಿನಿಂದ ಲಕ್ಷ್ಮಣನೆಂಬ ಬೇಡ ನಾಯಕನು ಎದ್ದನು. ಊರ ತಳವಾರಿಕೆಯೊಂದಿಗೆ ಹಿಂದಿನಿಂದಲೂ ನಂಟಿದ್ದ ಸಮುದಾಯ ಅವನದು. ಅವನೂ ಖಜಾನೆಗಳನ್ನು ದೋಚಿ ಬಡವರಿಗೆ ಹಂಚಿದನೆಂದು ಜನ ಹಾಡಿದರು. ಅವನೂ 1922ರಲ್ಲಿ ಬೀಳಗಿ ಸೀಮೆಯ ತೆಗ್ಗಿಯಲ್ಲಿ ನಂಬಿದವರ ದ್ರೋಹದಿಂದಲೇ ಪೊಲೀಸರ ಗುಂಡಿಗೆ ಬಲಿಯಾದನು. ಸಂಗೊಳ್ಳಿಯ ಕಥೆಯೂ ಸಿಂಧೂರಿನ ಕಥೆಯೂ ರಂಗದ ಮೇಲೆ ಒಂದೇ ಬಗೆಯ ಕಣ್ಣೀರನ್ನು ತರಿಸುತ್ತವೆ. ಎರಡರಲ್ಲೂ ಊರು ಕಾಯಬೇಕಾದ ಕೈಗಳೇ ಸರಕಾರದ ವಿರುದ್ಧ ಎತ್ತಿದ ಕೈಗಳಾದವು.

ಇಂದಿನ ಕಾವಲು

ಸ್ವಾತಂತ್ರ್ಯದ ನಂತರ ವಂಶಪಾರಂಪರ್ಯದ ಊರ ಹುದ್ದೆಗಳು ಗಡಿಯ ಎರಡೂ ಕಡೆ ಕೊನೆಗೊಂಡವು. ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯ ಕಾಯಿದೆ ಮಾಡಿತು. ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯಿದೆ ನೂರು ವರ್ಷದ ಹಳೆಯ ಮುಂಬೈ ಕಾಯಿದೆಯ ಜಾಗಕ್ಕೆ ಬಂದಿತು. ಹುಟ್ಟಿನಿಂದ ಬರುತ್ತಿದ್ದ ಅಧಿಕಾರ ಹೋಗಿ ನೇಮಕದಿಂದ ಬರುವ ಅಧಿಕಾರ ಬಂದದ್ದು ನ್ಯಾಯವಾದ ಬದಲಾವಣೆ. ಜತ್ತ ತಾಲೂಕಿನ ಯಳವಿಯಂಥ ಹಳ್ಳಿಗಳಲ್ಲಿ ಇಂದು ಕಾನೂನಿನ ಮೊದಲ ಮೆಟ್ಟಿಲು ಪೊಲೀಸ್ ಪಾಟೀಲ. ಊರಲ್ಲಿ ಜಗಳವಾದರೆ, ಅಸಹಜ ಸಾವು ಸಂಭವಿಸಿದರೆ, ಅಪರಿಚಿತರು ಸುಳಿದರೆ ಸುದ್ದಿ ಮುಟ್ಟಿಸುವ ಹೊಣೆ ಅವನದು. ಅವನಿಗೆ ದೊರೆಯುವುದು ಸಂಬಳವಲ್ಲ, ಮಾನಧನ. ಪೊಲೀಸ್ ಠಾಣೆ ದೂರದಲ್ಲಿದ್ದು, ಅದರ ಸೀಮೆ ಹತ್ತಾರು ಹಳ್ಳಿಗಳಿಗೆ ಹಬ್ಬಿರುವಾಗ, ರಾತ್ರಿ ಬಾಗಿಲು ಬಡಿಯುವುದು ಅವನ ಮನೆಯದನ್ನೇ.

ಠಾಣೆಯ ಸಿಪಾಯಿಯ ಪಾಡೂ ಇದಕ್ಕಿಂತ ದೂರದ್ದಲ್ಲ. ಹಬ್ಬದ ದಿನ ಎಲ್ಲರೂ ಮನೆಗೆ ಹೋಗುವಾಗ ಅವನು ಮನೆಯಿಂದ ಹೊರಡುತ್ತಾನೆ. ಕೆಲಸದ ಗಂಟೆಗಳಿಗೆ ಮಿತಿಯಿಲ್ಲ. ಇನ್ನೊಂದು ಕಡೆ, ಅದೇ ಠಾಣೆಯ ಮೆಟ್ಟಿಲು ಹತ್ತಲು ಬಡವ ಇಂದಿಗೂ ಅಂಜುತ್ತಾನೆ. ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ 22ರಂದು ಪ್ರಕಾಶ ಸಿಂಗ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳು ಈ ಎರಡು ಕಡೆಗಳನ್ನೂ ನೋಡಿದವು. ರಾಜಕೀಯ ಒತ್ತಡದಿಂದ ವರ್ಗವಾಗದಂತೆ ಅಧಿಕಾರಿಗಳಿಗೆ ನಿಶ್ಚಿತ ಅವಧಿ ಇರಬೇಕು. ಪೊಲೀಸರ ವಿರುದ್ಧದ ದೂರು ಕೇಳಲು ರಾಜ್ಯ ಮತ್ತು ಜಿಲ್ಲೆಗಳ ಮಟ್ಟದಲ್ಲಿ ಪ್ರಾಧಿಕಾರವೂ ಇರಬೇಕು. ಕಾಯುವವನಿಗೆ ಕಾವಲು, ಕಾಯುವವನ ಮೇಲೂ ಕಾವಲು ಎಂಬುದು ಅದರ ಸಾರ. ಹಳೆಯ ಸನದಿನ ಕರಾರನ್ನು ಪ್ರಜಾಪ್ರಭುತ್ವದ ಭಾಷೆಯಲ್ಲಿ ಮತ್ತೆ ಬರೆದಂತೆ ಅದು ಕಾಣುತ್ತದೆ.

ರಾಯಣ್ಣನ ಹೆಸರಿಗೆ ಇಂದು ಕೊರತೆಯಿಲ್ಲ. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣ ಅವನ ಹೆಸರು ಹೊತ್ತಿದೆ. ವೃತ್ತಗಳಲ್ಲಿ ಅವನ ಪ್ರತಿಮೆ ಖಡ್ಗ ಹಿಡಿದು ನಿಂತಿದೆ. ಅವನ ಜನ್ಮದಿನವೆಂದು ಆಚರಿಸುವ ದಿನ ದೇಶದ ಸ್ವಾತಂತ್ರ್ಯದ ದಿನವಾಗಿಯೂ, ಅವನು ಗಲ್ಲಿಗೇರಿದ ದಿನ ಗಣರಾಜ್ಯದ ದಿನವಾಗಿಯೂ ಬಂದದ್ದನ್ನು ಭಾಷಣಕಾರರು ಪ್ರತಿವರ್ಷ ನೆನಪಿಸುತ್ತಾರೆ. ಆ ದಿನಗಳಂದು ಶಾಲೆಯ ಅಂಗಳದಲ್ಲಿ ಧ್ವಜ ಏರುವಾಗ ಒಂದು ಬದಿಯಲ್ಲಿ ಸಮವಸ್ತ್ರ ತೊಟ್ಟ ಸಿಪಾಯಿಯೊಬ್ಬ ಬಿಸಿಲಿನಲ್ಲಿ ನಿಂತಿರುತ್ತಾನೆ. ಎಲ್ಲರೂ ಸಿಹಿ ತಿಂದು ಮನೆಗೆ ಮರಳಿದ ಮೇಲೂ ಅವನು ಅಲ್ಲಿಯೇ ಇರುತ್ತಾನೆ. ಖಡ್ಗ ಹಿಡಿದ ಪ್ರತಿಮೆಗಿಂತ ಸಂಗೊಳ್ಳಿಯ ಶೇತಸನದಿಗೆ ಹೆಚ್ಚು ಹತ್ತಿರದ ಬಂಧು ಅವನೇ. ಅವನ ಮನೆಯವರು ನೆಮ್ಮದಿಯಿಂದಿದ್ದಾರೆಯೇ, ಅವನಿಂದ ಊರು ನೆಮ್ಮದಿಯಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಸರಕಾರ ಒಟ್ಟಿಗೆ ಕೇಳಿಕೊಂಡ ದಿನ ನಂದಗಡದ ಆಲದ ಮರದ ಕೆಳಗೆ ಮಲಗಿರುವವನ ಬಾಕಿ ಸಂದಾಯವಾಗುತ್ತದೆ.